ಸಂಜೆ ಆರೂವರೆಗೆ ಶುರುವಾಗುವ ಅಳು: 41 ದಿನದ ಮಗುವನ್ನು ಹೇಗೆ ಸಮಾಧಾನಪಡಿಸಲಿ?

ತೊಟ್ಟಿಲ ಪಕ್ಕ (ಧಾರವಾಡ), ರಾತ್ರಿ 2:40

ಮಗು ಈಗಷ್ಟೇ ಮಲಗಿದ್ದಾಳೆ. ಏಳುವುದರೊಳಗೆ ಬರೆದು ಮುಗಿಸಬೇಕು.

ಮೊದಲ ಮಗು, ದಿನ ತುಂಬಿ ಹುಟ್ಟಿದವಳು. ಹುಟ್ಟಿದಾಗ 2 ಕೆ.ಜಿ. 900 ಗ್ರಾಂ ಇದ್ದಳು. ಮೂರನೆಯ ವಾರದವರೆಗೆ ಹಾಲು ಕುಡಿಯುವುದು, ಮಲಗುವುದು ಇಷ್ಟೇ ಇತ್ತು. ಆಮೇಲೆ ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಅಳಲು ಶುರು ಮಾಡಿದಳು. ಅಂದಿನಿಂದ ಒಂದು ಸಂಜೆಯೂ ತಪ್ಪಿಲ್ಲ. ಆರೂವರೆಯಾಯಿತೆಂದರೆ ಮುಖ ಕೆಂಪಗಾಗುತ್ತದೆ, ಮುಷ್ಟಿ ಬಿಗಿಯುತ್ತದೆ, ಮೊಣಕಾಲುಗಳನ್ನು ಹೊಟ್ಟೆಗೆ ಎಳೆದುಕೊಳ್ಳುತ್ತಾಳೆ. ಹೊಟ್ಟೆ ಮುಟ್ಟಿದರೆ ಬಿಗಿಯಾಗಿ ಉಬ್ಬಿರುತ್ತದೆ. ಎದೆಗೆ ಹಾಕಿಕೊಂಡರೆ ಎರಡು ಗುಟುಕು ಕುಡಿದು, ಬಿಟ್ಟು ಚೀರುತ್ತಾಳೆ. ರಾತ್ರಿ ಹತ್ತರವರೆಗೂ ಇದೇ ಕಥೆ. ಬೆಳಗ್ಗೆ ನೋಡಿದರೆ ಏನೂ ಆಗಿಲ್ಲವೆಂಬಂತೆ ಕಣ್ಣರಳಿಸಿ ನೋಡುತ್ತಾಳೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ನನ್ನ ಹಾಲು ಸಾಲುತ್ತಿಲ್ಲ ಎನ್ನುತ್ತಾರೆ ಅತ್ತೆ. ಅಮ್ಮ ಮೂರು ಸಲ ದೃಷ್ಟಿ ತೆಗೆದರು. ನಾನು ಹೆಸರುಕಾಳು ಪಲ್ಯ ತಿಂದದ್ದರಿಂದಲೇ ಮಗುವಿಗೆ ವಾಯು ಆಗಿದೆ ಎಂದು ಪಕ್ಕದ ಮನೆಯವರು ಹೇಳಿದ ಮೇಲೆ ಬೇಳೆ, ಕಾಳು, ಸೊಪ್ಪು ಎಲ್ಲವನ್ನೂ ಬಿಟ್ಟು ಅನ್ನ, ಮೆಣಸಿನ ಸಾರಿನ ಮೇಲೆ ಹದಿನೈದು ದಿನ ಕಳೆದಿದ್ದೇನೆ. ಅಳು ಒಂದು ನಿಮಿಷವೂ ಕಡಿಮೆಯಾಗಿಲ್ಲ. ಔಷಧಿ ಅಂಗಡಿಯಲ್ಲಿ ಹೊಟ್ಟೆನೋವಿಗೆಂದು ಹನಿ ಔಷಧಿಯೊಂದನ್ನು ಕೊಟ್ಟಿದ್ದಾರೆ. ಇನ್ನೂ ಹಾಕಿಲ್ಲ, ಕೈ ಬರುತ್ತಿಲ್ಲ. ನಾಳೆ ಆರು ವಾರದ ಲಸಿಕೆ ಬೇರೆ. ಇಷ್ಟು ಅಳುವ ಮಗುವಿಗೆ ಸೂಜಿ ಚುಚ್ಚಿಸಬೇಡ ಎನ್ನುವವರೂ ಇದ್ದಾರೆ.

ಕಾರಣವೇ ಕಾಣದ ಇಂಥ ಅಳುವನ್ನೇ ಕಾಲಿಕ್ ಎನ್ನುವುದೇ? ನಾನು ಏನು ತಪ್ಪು ಮಾಡುತ್ತಿದ್ದೇನೆ?

ಮಕ್ಕಳ ವಾರ್ಡಿನ ದಾದಿ (ಮೈಸೂರು), ಬೆಳಗ್ಗೆ 5:15

ರಾತ್ರಿ ಪಾಳಿ ಮುಗಿಸಿ ಬಂದು ಬರೆಯುತ್ತಿದ್ದೇನೆ. ನಿಮ್ಮಿಂದ ಯಾವ ತಪ್ಪೂ ಆಗಿಲ್ಲ.

ಕಾಲಿಕ್ ಎಂದು ಹೆಸರಿಡುವ ಮೊದಲು ಕೆಲವನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಬೇಕು. ಇಂದು ಸಂಜೆ ಅವಳು ಅಳುವಾಗ ಬಟ್ಟೆಯನ್ನೆಲ್ಲ ಬಿಚ್ಚಿ, ಒಳ್ಳೆಯ ಬೆಳಕಿನಲ್ಲಿ ತಲೆಯಿಂದ ಕಾಲಿನವರೆಗೆ ನೋಡಿ. ಕೈಬೆರಳು, ಕಾಲ್ಬೆರಳು ಒಂದೊಂದನ್ನೂ ಬಿಡಿಸಿ ನೋಡಿ. ಬಾಣಂತಿಯ ತಲೆಗೂದಲಿನ ಒಂದು ಎಳೆ ಕಾಲ್ಬೆರಳಿಗೆ ಸುತ್ತಿಕೊಂಡು, ಬೆರಳು ಊದಿ, ಮಗು ಗಂಟೆಗಟ್ಟಲೆ ಚೀರಿದ್ದನ್ನು ನಾನು ಕಂಡಿದ್ದೇನೆ. ತೊಡೆಸಂದಿಯಲ್ಲಿ ಗಂಟಿನಂಥ ಊತ ಇದೆಯೇ ನೋಡಿ. ಕಿವಿ, ಬಾಯಿ, ನ್ಯಾಪಿ ಜಾಗದ ಚರ್ಮ ಹೇಗಿದೆ ನೋಡಿ.

ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ: ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ (ಮೂರು ತಿಂಗಳೊಳಗಿನ ಮಗುವಿಗೆ ಇದು ಸಣ್ಣ ಜ್ವರವಲ್ಲ), ಹಸಿರು ಬಣ್ಣದ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ನೆತ್ತಿ ಉಬ್ಬಿದ್ದರೆ, ಮಗು ಹಾಲು ಕುಡಿಯುವುದನ್ನೇ ಬಿಟ್ಟರೆ, ಮೂತ್ರ ಕಡಿಮೆಯಾದರೆ, ಅಳು ಇದ್ದಕ್ಕಿದ್ದಂತೆ ಕೀರಲು ದನಿಗೆ ತಿರುಗಿದರೆ. ಅಳುತ್ತಿದ್ದ ಮಗು ಸೋತು ಜೋತುಬಿದ್ದು, ಎಬ್ಬಿಸಿದರೂ ಕಣ್ಣು ತೆರೆಯದಿದ್ದರೆ ಅದು ಎಲ್ಲಕ್ಕಿಂತ ದೊಡ್ಡ ಅಪಾಯ. ಮೌನವಾದ ಮಗುವನ್ನು ಕಂಡರೆ ನಾವು ಅಳುವ ಮಗುವಿಗಿಂತ ಹೆಚ್ಚು ಹೆದರುತ್ತೇವೆ.

ಹನಿ ಔಷಧಿಯ ಡಬ್ಬಿಯ ಮೇಲೆ ಏನು ಬರೆದಿದೆ, ಓದಿ ಹೇಳುತ್ತೀರಾ? ಅಲ್ಲಿಯವರೆಗೆ ಹಾಕಬೇಡಿ.

ಮಲೆನಾಡಜ್ಜಿ (ತೀರ್ಥಹಳ್ಳಿ ಕಡೆ), ಬೆಳಗ್ಗೆ 6:30

ಮಗಳೇ, ನಾಲ್ಕು ಮಕ್ಕಳನ್ನು ಹೆತ್ತು, ಏಳು ಮೊಮ್ಮಕ್ಕಳ ಬಾಣಂತನ ನೋಡಿದವಳು ಹೇಳುತ್ತಿದ್ದೇನೆ, ಹೆದರಬೇಡ. ಮುಸ್ಸಂಜೆಯ ಅಳು ಎಂದು ನಮ್ಮ ಅತ್ತೆಯ ಕಾಲದಿಂದಲೂ ಕೇಳಿಕೊಂಡು ಬಂದಿದ್ದೇವೆ. ನನ್ನ ಎರಡನೆಯವನು ಮೂರು ತಿಂಗಳು ಹೀಗೆಯೇ ಅತ್ತ.

ಮಗುವನ್ನು ನಿನ್ನ ಎಡಗೈಯ ಉದ್ದಕ್ಕೆ ಬೋರಲಾಗಿ ಮಲಗಿಸಿಕೊ. ಕೆನ್ನೆ ಮೊಣಕೈ ಮಡಿಕೆಯಲ್ಲಿರಲಿ, ಹೊಟ್ಟೆ ಮುಂಗೈ ಮೇಲಿರಲಿ, ಕಾಲುಗಳು ಎರಡೂ ಕಡೆ ಇಳಿಬಿದ್ದಿರಲಿ. ಬಲಗೈಯಿಂದ ಬೆನ್ನು ಸವರುತ್ತಾ ಜಗುಲಿಯಲ್ಲಿ ನಡೆದಾಡು. ಹೊಟ್ಟೆಗೆ ನಿನ್ನ ಕೈಯ ಬಿಸಿ ತಾಗುತ್ತದೆ. ವೀಳ್ಯದೆಲೆಗೆ ಹರಳೆಣ್ಣೆ ಸವರಿ, ದೀಪಕ್ಕೆ ಹಿಡಿದು, ಹೊಕ್ಕುಳ ಸುತ್ತ ಇಟ್ಟರೂ ಹಿತವಾಗುತ್ತದೆ. ಬಜೆ ಬೇರನ್ನು ಸುಟ್ಟು, ಸಾಣೆಕಲ್ಲಿನ ಮೇಲೆ ಎರಡು ಸುತ್ತು ತೇಯ್ದು, ಜೇನಿನಲ್ಲಿ ನಾಲಗೆಗೆ ಸವರಿದರೆ ವಾಯು ಇಳಿಯುತ್ತದೆ.

ಮಕ್ಕಳ ವಾರ್ಡಿನ ದಾದಿ, ಬೆಳಗ್ಗೆ 6:50

ಅಜ್ಜಿ, ಕೈಮೇಲೆ ಬೋರಲು ಹಿಡಿಯುವ ಕ್ರಮವನ್ನು ನಮ್ಮ ವಾರ್ಡಿನಲ್ಲಿ ನಾವೂ ತಾಯಂದಿರಿಗೆ ಕಲಿಸುತ್ತೇವೆ. ಮಗು ನಿದ್ದೆಗೆ ಜಾರಿದ ಮೇಲೆ ಮಾತ್ರ ಅಂಗಾತವಾಗಿಯೇ, ಗಟ್ಟಿಯಾದ ಹಾಸಿಗೆಯ ಮೇಲೆ ಮಲಗಿಸಬೇಕು.

ಬಜೆ ಮತ್ತು ಜೇನು ಖಂಡಿತ ಬೇಡ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು. ಅದರಲ್ಲಿ ಇರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಣಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷ ಬಿಡುತ್ತವೆ, ಮಗುವಿನ ಸ್ನಾಯುಗಳು ಸೋಲುತ್ತವೆ. ಬಜೆಯಲ್ಲಿ ಬೀಟಾ ಅಸರೋನ್ ಎಂಬ ವಿಷಕಾರಿ ಅಂಶವಿದೆ. ತೇಯ್ದಾಗ ಎಷ್ಟು ಹೋಯಿತೆಂದು ಅಳೆಯುವ ಬಗೆ ಯಾರಲ್ಲೂ ಇಲ್ಲ. ಸಾಣೆಕಲ್ಲಿನಿಂದ, ಬೆರಳಿನಿಂದ ಸೋಂಕು ಹೋಗಿ ಭೇದಿಯಾಗುವುದಂತೂ ನಾವು ಮತ್ತೆ ಮತ್ತೆ ಕಾಣುವ ಸಂಗತಿ. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲು ಮಾತ್ರ, ನೀರೂ ಬೇಡ.

ಮಲೆನಾಡಜ್ಜಿ, ಬೆಳಗ್ಗೆ 7:20

ನಾನು ಏಳು ಮಕ್ಕಳಿಗೂ ಹಾಕಿದ್ದೇನಮ್ಮ, ಯಾರಿಗೂ ಏನೂ ಆಗಿಲ್ಲ.

ಅವಳಿ ತಾಯಿ (ಹುಬ್ಬಳ್ಳಿ), ಬೆಳಗ್ಗೆ 9:00

ಅಜ್ಜಿಯವರ ಮೇಲೆ ಗೌರವವಿಟ್ಟೇ ಹೇಳುತ್ತೇನೆ, ನಮ್ಮ ಮನೆಯಲ್ಲಿ ಆಗಿದೆ. ನನ್ನ ಅವಳಿಗಳಲ್ಲಿ ಒಬ್ಬನಿಗೆ ಸುತ್ತು ಔಷಧಿಯಲ್ಲಿ ಜಾಯಿಕಾಯಿಯನ್ನು ಒಂದೆರಡು ಸುತ್ತು ಹೆಚ್ಚು ತೇಯ್ದಿದ್ದರು. ಅಳು ನಿಂತಿತು, ಎಲ್ಲರಿಗೂ ಸಂತೋಷವಾಯಿತು. ಆಮೇಲೆ ಅವನು ಹಾಲಿಗೂ ಏಳಲಿಲ್ಲ. ಎರಡು ದಿನ ಆಸ್ಪತ್ರೆಯಲ್ಲಿದ್ದೆವು. ಜಾಯಿಕಾಯಿ ಹೊಟ್ಟೆಯನ್ನು ಸರಿಮಾಡಿರಲಿಲ್ಲ, ಮಗುವಿಗೆ ಮಂಪರು ತಂದಿತ್ತು ಅಷ್ಟೇ.

ಇನ್ನೊಂದು ಮಾತು. ನನ್ನ ಮಕ್ಕಳು ಐದು ವಾರ ಮೊದಲೇ ಹುಟ್ಟಿದವರು. ಎಲ್ಲರೂ ಆರನೆಯ ವಾರದಲ್ಲಿ ಅಳು ಹೆಚ್ಚು ಎನ್ನುತ್ತಿದ್ದಾಗ ಇವರು ಶಾಂತವಾಗಿದ್ದರು, ಹನ್ನೊಂದನೆಯ ವಾರದಲ್ಲಿ ಜೋರಾಯಿತು. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿಗೆ ಈ ಲೆಕ್ಕವನ್ನು ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ಹಿಡಿಯಬೇಕಂತೆ. ಅದು ಗೊತ್ತಿಲ್ಲದೆ ಹೊಸ ಕಾಯಿಲೆ ಬಂತೆಂದು ಬಹಳ ಹೆದರಿದ್ದೆ.

ಮಕ್ಕಳ ವೈದ್ಯ (ಶಿವಮೊಗ್ಗ), ಮಧ್ಯಾಹ್ನ 1:30

ಹೊರರೋಗಿಗಳನ್ನು ನೋಡಿ ಮುಗಿಸಿ ಬಂದೆ. ದಾದಿಯವರು ಹೇಳಿದ್ದು ಅಷ್ಟೂ ಸರಿ, ನಾನು ಮುಂದಿನದನ್ನು ಸೇರಿಸುತ್ತೇನೆ.

ಎಳೆಮಕ್ಕಳ ಅಳುವಿಗೆ ಒಂದು ಗಡಿಯಾರವಿದೆ. ಎರಡು ಮೂರನೆಯ ವಾರದಲ್ಲಿ ಏರತೊಡಗುತ್ತದೆ, ಆರನೆಯ ವಾರದ ಹೊತ್ತಿಗೆ ತುದಿ ಮುಟ್ಟುತ್ತದೆ, ಮೂರು ನಾಲ್ಕು ತಿಂಗಳಲ್ಲಿ ಇಳಿಯುತ್ತದೆ. 1962ರಲ್ಲಿ ಬ್ರೇಜಲ್ಟನ್ ಎಂಬ ಅಮೆರಿಕದ ವೈದ್ಯರು 80 ಮಕ್ಕಳ ತಾಯಂದಿರಿಂದ ಅಳುವಿನ ದಿನಚರಿ ಬರೆಸಿ ಪ್ರಕಟಿಸಿದರು. ಆರನೆಯ ವಾರದಲ್ಲಿ ಯಾವ ರೋಗವೂ ಇಲ್ಲದ ಮಕ್ಕಳೇ ದಿನಕ್ಕೆ ಸುಮಾರು ಎರಡೂಮುಕ್ಕಾಲು ಗಂಟೆ ಅಳುತ್ತಿದ್ದರು, ಅದರಲ್ಲೂ ಹೆಚ್ಚಿನದು ಸಂಜೆಯ ಹೊತ್ತು. ಕಲಹರಿ ಮರುಭೂಮಿಯ ಕುಂಗ್ ಸಾನ್ ಜನರು ಮಕ್ಕಳನ್ನು ದಿನವಿಡೀ ಮೈಗೆ ಕಟ್ಟಿಕೊಂಡು, ಗಂಟೆಗೆ ಹಲವು ಸಲ ಹಾಲೂಡುತ್ತಿದ್ದರು. ಅವರ ಮಕ್ಕಳ ಅಳು ಹೊತ್ತಿನಲ್ಲಿ ಕಡಿಮೆ ಇತ್ತು, ಆದರೆ ತುದಿ ಮುಟ್ಟುವ ವಯಸ್ಸು ಹೆಚ್ಚುಕಡಿಮೆ ಅದೇ ಆಗಿತ್ತು. ಹೀಗಾಗಿ ಇದು ನಿಮ್ಮ ಮನೆಯ ದೋಷವೂ ಅಲ್ಲ, ನಿಮ್ಮ ಹಾಲಿನ ದೋಷವೂ ಅಲ್ಲ.

1954ರಲ್ಲಿ ವೆಸೆಲ್ ಎಂಬ ವೈದ್ಯರು ಮೂರರ ಲೆಕ್ಕ ಕೊಟ್ಟರು: ದಿನಕ್ಕೆ 3 ಗಂಟೆಗಿಂತ ಹೆಚ್ಚು, ವಾರಕ್ಕೆ 3 ದಿನಕ್ಕಿಂತ ಹೆಚ್ಚು, 3 ವಾರಕ್ಕಿಂತ ಹೆಚ್ಚು ಕಾಲ ಅಳು. ಮೂರು ವಾರ ಕಾಯುವುದು ಯಾವ ತಾಯಿಗೂ ನ್ಯಾಯವಲ್ಲ. ಹೊಟ್ಟೆ, ಕರುಳಿನ ತೊಂದರೆಗಳನ್ನು ಗುರುತಿಸಲು ತಜ್ಞರು ಒಪ್ಪಿಕೊಂಡ 2016ರ ರೋಮ್ ಮಾನದಂಡದಲ್ಲಿ ಆ ಕಾಯುವಿಕೆ ಇಲ್ಲ. ಐದು ತಿಂಗಳೊಳಗಿನ ಮಗು ಕಾರಣ ಕಾಣದೆ ಪದೇ ಪದೇ ದೀರ್ಘವಾಗಿ ಅಳುತ್ತಿದ್ದು, ಏನು ಮಾಡಿದರೂ ನಿಲ್ಲದೆ, ಆದರೆ ಜ್ವರವಿಲ್ಲದೆ, ತೂಕ ಏರುತ್ತಾ ಇದ್ದರೆ ಅದನ್ನು ಕಾಲಿಕ್ ಎನ್ನುತ್ತೇವೆ.

ನನಗೆ ಬೇಕಾದದ್ದು ನಿಮ್ಮ ಮಗುವಿನ ತೂಕ. ಮೊದಲ ಮೂರು ತಿಂಗಳಲ್ಲಿ ದಿನಕ್ಕೆ 20ರಿಂದ 30 ಗ್ರಾಂ ಏರಿದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಹಾಲು ಸಾಲದು ಎಂಬ ಒಂದು ಮಾತಿಗೆ ಹೆದರಿ ಎಷ್ಟು ತಾಯಂದಿರು ಪುಡಿ ಹಾಲಿಗೆ ಹೋಗಿದ್ದಾರೆಂದು ನೆನೆದರೆ ಸಂಕಟವಾಗುತ್ತದೆ. ತಕ್ಕಡಿ ಎರಡು ನಿಮಿಷದಲ್ಲಿ ಹೇಳುವುದನ್ನು ಹೊರಗಿನವರ ಬಾಯಿಂದ ಕೇಳಬೇಡಿ.

ಹೊಟ್ಟೆಯ ಉಬ್ಬರದ ವಿಷಯ. ಗಾಳಿ ತುಂಬಿದ್ದರಿಂದ ಅಳು ಬಂತು ಎಂದುಕೊಳ್ಳುತ್ತೇವೆ. ಬಹುಪಾಲು ನಡೆಯುವುದು ತಿರುಗುಮುರುಗು: ಅಳುವಾಗ ಗಾಳಿ ನುಂಗುತ್ತದೆ, ಅದರಿಂದ ಹೊಟ್ಟೆ ಉಬ್ಬುತ್ತದೆ. ಹಾಲು ಕುಡಿದ ಮೇಲೆ ಭುಜಕ್ಕೆ ಒರಗಿಸಿ ತೇಗು ಬರಿಸುವುದು ಒಳ್ಳೆಯದು, ಆದರೆ ತೇಗು ಬರಲಿಲ್ಲವೆಂದು ಅರ್ಧ ಗಂಟೆ ಬೆನ್ನು ತಟ್ಟಬೇಕಾಗಿಲ್ಲ.

ಲಸಿಕೆಯನ್ನು ತಪ್ಪಿಸಬೇಡಿ. ಆರನೆಯ ವಾರದ ಲಸಿಕೆ, ಅಳುವಿನ ತುದಿ ಎರಡೂ ಒಂದೇ ವಾರದಲ್ಲಿ ಬರುತ್ತವೆ. ಅದರಿಂದಲೇ ಲಸಿಕೆ ಹಾಕಿಸಿದ ಮೇಲೆ ಮಗು ಹಟಮಾರಿಯಾಯಿತು ಎಂಬ ಮಾತು ಹುಟ್ಟಿದೆ. ಲಸಿಕೆಯ ನೋವು, ಮೈಬಿಸಿ ಒಂದೆರಡು ದಿನದ್ದು.

ತೊಟ್ಟಿಲ ಪಕ್ಕ, ಮರುದಿನ ಮಧ್ಯಾಹ್ನ 3:10

ಲಸಿಕೆ ಹಾಕಿಸಿಕೊಂಡು ಬಂದೆವು. ತೂಕ 3 ಕೆ.ಜಿ. 950 ಗ್ರಾಂ! ಆ ಅಂಕಿ ನೋಡಿ ಅಲ್ಲೇ ಅತ್ತುಬಿಟ್ಟೆ. ಅತ್ತೆ ಏನೂ ಮಾತಾಡಲಿಲ್ಲ. ಮನೆಗೆ ಬಂದು ನನಗೆ ಬಿಸಿ ರೊಟ್ಟಿಯ ಜೊತೆ ಸಬ್ಬಸಿಗೆ ಸೊಪ್ಪಿನ ಪಲ್ಯ ಬಡಿಸಿದರು.

ಬಟ್ಟೆ ಬಿಚ್ಚಿ ನೋಡಿದೆವು, ಬೆರಳುಗಳು ಸರಿ ಇವೆ. ಹನಿ ಔಷಧಿಯ ಡಬ್ಬಿಯ ಮೇಲೆ ಡೈಸೈಕ್ಲೊಮಿನ್, ಸೈಮೆಥಿಕೋನ್ ಎಂದಿದೆ.

ಮಕ್ಕಳ ವೈದ್ಯ, ಸಂಜೆ 4:00

ಅದನ್ನು ಈಗಲೇ ಎಸೆಯಿರಿ. ಡೈಸೈಕ್ಲೊಮಿನ್ ಆರು ತಿಂಗಳೊಳಗಿನ ಮಗುವಿಗೆ ನಿಷಿದ್ಧ. ಉಸಿರು ನಿಲ್ಲುವುದು, ಸೆಳವು ಬರುವುದು ಅದರಿಂದ ಆಗಿದೆ. ವೈದ್ಯರ ಚೀಟಿ ಇಲ್ಲದೆ ಇದನ್ನು ತಾಯಿಯ ಕೈಗೆ ಕೊಡುವುದನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಸೈಮೆಥಿಕೋನ್ ಒಂದೇ ಇದ್ದರೆ ಅಪಾಯವಿಲ್ಲ, ಆದರೆ ಪರೀಕ್ಷಿಸಿ ನೋಡಿದಾಗ ಮದ್ದಿಲ್ಲದ ಸಿಹಿನೀರಿಗಿಂತ ಹೆಚ್ಚಿನ ಗುಣ ಅದರಲ್ಲಿ ಕಂಡಿಲ್ಲ.

ಮುಂದಿನ ಪ್ರಶ್ನೆ ಗ್ರೈಪ್ ವಾಟರ್ ಬಗ್ಗೆ ಬಂದೇ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ಎಂಬ ಔಷಧ ವ್ಯಾಪಾರಿ ತಯಾರಿಸಿದ್ದು ಅದು. ಮೂಲದಲ್ಲಿ ಸಬ್ಬಸಿಗೆ ಬೀಜದ ಎಣ್ಣೆ, ಸೋಡಾ, ಸಕ್ಕರೆ, ಜೊತೆಗೆ ಮದ್ಯಸಾರವೂ ಇತ್ತು. ಅಂದಿನ ಮಕ್ಕಳು ಸುಮ್ಮನಾಗುತ್ತಿದ್ದುದರಲ್ಲಿ ಆ ಮದ್ಯಸಾರದ, ಸಕ್ಕರೆಯ ಪಾಲು ಎಷ್ಟೆಂದು ನೀವೇ ಯೋಚಿಸಿ. ಈಗ ಮದ್ಯಸಾರ ತೆಗೆದಿದ್ದಾರೆ. ಉಳಿದದ್ದರಲ್ಲಿ ಎದೆಹಾಲು ಕುಡಿಯುವ ಮಗುವಿಗೆ ಬೇಕಾದದ್ದು ಏನೂ ಇಲ್ಲ. ಸಬ್ಬಸಿಗೆಯನ್ನು ನಿಮ್ಮ ಅತ್ತೆ ಬಡಿಸಿದಂತೆ ನೀವೇ ತಿನ್ನಿ.

ನಿಮ್ಮ ಪಥ್ಯವನ್ನೂ ಬಿಡಿ. ಬೇಳೆ, ಕಾಳು, ಸೊಪ್ಪು, ಹಣ್ಣು ಎಲ್ಲವೂ ಬಾಣಂತಿಗೆ ಬೇಕು. ನೀವು ತಿಂದ ಕಾಳಿನ ಗಾಳಿ ನಿಮ್ಮ ಕರುಳಿನಲ್ಲೇ ಉಳಿಯುತ್ತದೆ, ಹಾಲಿಗೆ ಇಳಿಯುವುದಿಲ್ಲ. ಮಗುವಿನ ಮಲದಲ್ಲಿ ರಕ್ತ ಅಥವಾ ಲೋಳೆ, ಮೈಮೇಲೆ ಇಸುಬು ಕಂಡರೆ ಮಾತ್ರ ಹಸುವಿನ ಹಾಲಿನ ಪ್ರೋಟೀನ್ ಒಗ್ಗುತ್ತಿಲ್ಲವೇ ಎಂದು ಯೋಚಿಸಿ, ವೈದ್ಯರ ಸಲಹೆಯ ಮೇಲೆ ತಾಯಿ ಎರಡರಿಂದ ನಾಲ್ಕು ವಾರ ಹಾಲು, ಮೊಸರು ಬಿಟ್ಟು ನೋಡುವುದುಂಟು.

ಕರುಳಿಗೆ ಒಳ್ಳೆಯದೆನ್ನುವ ಬ್ಯಾಕ್ಟೀರಿಯಾ ಇರುವ ಪ್ರೋಬಯಾಟಿಕ್ ಹನಿಗಳಲ್ಲಿ ಲ್ಯಾಕ್ಟೊಬ್ಯಾಸಿಲಸ್ ರ್‍ಯೂಟೆರಿ ಎಂಬ ಒಂದು ತಳಿಯಿಂದ ಎದೆಹಾಲು ಕುಡಿಯುವ ಮಕ್ಕಳ ಅಳು ಸ್ವಲ್ಪ ಕಡಿಮೆಯಾದದ್ದು ಕೆಲವು ಅಧ್ಯಯನಗಳಲ್ಲಿ ಕಂಡಿದೆ, ಆಸ್ಟ್ರೇಲಿಯಾದ ದೊಡ್ಡ ಅಧ್ಯಯನದಲ್ಲಿ ಕಂಡಿಲ್ಲ. ಕೇಳಿದವರಿಗೆ ಬೇಡ ಎನ್ನುವುದಿಲ್ಲ, ನಾನಾಗಿ ಬರೆದುಕೊಡುವುದೂ ಇಲ್ಲ.

ಮರಳುಗಾಡಿನ ಅಪ್ಪ (ಅಬುಧಾಬಿ), ರಾತ್ರಿ 9:45

ಮೂಲತಃ ಉಡುಪಿಯವನು. ಇಲ್ಲಿ ನಾವಿಬ್ಬರೇ, ಬಾಣಂತನಕ್ಕೆ ಬಂದಿದ್ದ ಅತ್ತೆ ವೀಸಾ ಮುಗಿದು ಹೊರಟ ವಾರದಲ್ಲೇ ಮಗನ ಅಳು ಶುರುವಾಯಿತು. ಅಪ್ಪಂದಿರು ಯಾರೂ ಇಲ್ಲಿ ಬರೆದಿಲ್ಲ, ಆದ್ದರಿಂದ ನಾನು ಬರೆಯಲೇಬೇಕು.

ಒಂದು ರಾತ್ರಿ ಎರಡು ಗಂಟೆ ಅವನನ್ನು ಎತ್ತಿಕೊಂಡು ನಡೆದಿದ್ದೆ. ಅಳು ಕಿವಿಯೊಳಗೆ ಕೊರೆಯುತ್ತಿತ್ತು. ನನ್ನ ಕೈಗಳು ಅವನ ಪಕ್ಕೆಗಳನ್ನು ಬಿಗಿಯಾಗಿ ಹಿಡಿದಿರುವುದು ನನ್ನ ಅರಿವಿಗೆ ಬಂತು. ಆ ಕ್ಷಣ ಇನ್ನೂ ನೆನಪಿದೆ, ನೆನೆದಾಗಲೆಲ್ಲ ಮೈ ತಣ್ಣಗಾಗುತ್ತದೆ. ಅವನನ್ನು ತೊಟ್ಟಿಲಿನಲ್ಲಿ ಅಂಗಾತ ಮಲಗಿಸಿ, ಬಾಗಿಲು ಎಳೆದುಕೊಂಡು, ಬಾಲ್ಕನಿಯಲ್ಲಿ ಹತ್ತು ನಿಮಿಷ ನಿಂತೆ. ಒಳಗೆ ಅವನು ಅಳುತ್ತಲೇ ಇದ್ದ. ತಣ್ಣೀರು ಕುಡಿದು, ಉಸಿರು ಹದಕ್ಕೆ ಬಂದ ಮೇಲೆ ಹೋಗಿ ಎತ್ತಿಕೊಂಡೆ.

ಮರುದಿನ ನಮ್ಮ ವೈದ್ಯೆಗೆ ಹೇಳಿದಾಗ ಅವರು ನನ್ನನ್ನು ಬೈಯಲಿಲ್ಲ. ತೊಟ್ಟಿಲಿನಲ್ಲಿ ಹತ್ತು ನಿಮಿಷ ಒಂಟಿಯಾಗಿ ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ, ಸಿಟ್ಟಿನಲ್ಲಿ ಕೆಲವು ಸೆಕೆಂಡು ಅಲುಗಾಡಿಸಿದರೆ ಮಿದುಳಿನಲ್ಲಿ, ಕಣ್ಣಿನಲ್ಲಿ ರಕ್ತಸ್ರಾವವಾಗಿ ಜೀವವೇ ಹೋಗಬಹುದು ಎಂದರು. ಆ ಮೇಲೆ ಮನೆಯಲ್ಲಿ ಪಾಳಿ ಮಾಡಿಕೊಂಡೆವು. ಆರೂವರೆಯಿಂದ ಎಂಟು ನನ್ನದು, ಎಂಟರಿಂದ ಹೆಂಡತಿಯದು. ನನ್ನ ಪಾಳಿಯಲ್ಲಿ ಅವಳು ಬೇರೆ ಕೋಣೆಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗುತ್ತಿದ್ದಳು.

ನಮಗೆ ನೆರವಾದದ್ದು ಅಡುಗೆಮನೆಯ ಗಾಳಿ ಹೊರಹಾಕುವ ಫ್ಯಾನಿನ ಗುಂಯ್ ಸದ್ದು. ಅದರ ಹತ್ತಿರ ಅಲ್ಲ, ಪಕ್ಕದ ಕೋಣೆಯಲ್ಲಿ ನಿಂತು, ಶ್ ಶ್ ಎನ್ನುತ್ತಾ ನಿಧಾನವಾಗಿ ತೂಗುತ್ತಿದ್ದೆ. ಹೊಟ್ಟೆಯೊಳಗಿದ್ದಾಗ ತಾಯಿಯ ರಕ್ತ ಹರಿಯುವ ಸದ್ದನ್ನೇ ಕೇಳಿಕೊಂಡು ಬೆಳೆದದ್ದಲ್ಲವೇ. ಕೆಲವು ದಿನ ಅದೂ ನಾಟುತ್ತಿರಲಿಲ್ಲ.

ಆಶಾ ಕಾರ್ಯಕರ್ತೆ (ಹಾವೇರಿ ಜಿಲ್ಲೆ), ರಾತ್ರಿ 10:20

ನಾವು ಬಾಣಂತಿಯ ಮನೆಗೆ 3, 7, 14, 21, 28 ಮತ್ತು 42ನೇ ದಿನ ಹೋಗುತ್ತೇವೆ. ಕೊನೆಯ ಭೇಟಿಯ ಹೊತ್ತಿಗೇ ಅಳು ಜೋರಾಗಿರುತ್ತದೆ. ಸಂಜೆ ಹೊತ್ತು ಹೋದರೆ ಮನೆಯ ಸ್ಥಿತಿ ಚೆನ್ನಾಗಿ ತಿಳಿಯುತ್ತದೆ ಎಂದು ನಾನು ಆ ಒಂದು ಭೇಟಿಯನ್ನು ಬೇಕೆಂದೇ ಸಂಜೆಗೆ ಇಟ್ಟುಕೊಳ್ಳುತ್ತೇನೆ.

ಎರಡು ವಿಷಯಗಳನ್ನು ಕೈಮುಗಿದು ಹೇಳುತ್ತೇನೆ. ಹೊಟ್ಟೆನೋವು ಎಂದು ಎಳೆಮಗುವಿನ ಹೊಟ್ಟೆಗೆ ಕಾಸಿದ ಕಬ್ಬಿಣದಿಂದ, ಊದುಬತ್ತಿಯಿಂದ ಬರೆ ಹಾಕುವುದು ನಮ್ಮ ಕಡೆ ಇನ್ನೂ ಇದೆ. ಹಾಕಿಸಿದವರು ಮಗುವಿನ ಮೇಲಿನ ಪ್ರೀತಿಯಿಂದಲೇ ಹಾಕಿಸಿರುತ್ತಾರೆ. ಸುಟ್ಟ ಗಾಯಕ್ಕೆ ನಂಜೇರಿದರೆ ಎಳೆಮಗು ಉಳಿಯುವುದು ಕಷ್ಟ. ಯಾರಾದರೂ ಸಲಹೆ ಕೊಟ್ಟರೆ ಮಗುವನ್ನು ಎತ್ತಿಕೊಂಡು ಅಲ್ಲಿಂದ ಎದ್ದು ಬನ್ನಿ. ಎರಡನೆಯದು, ಬಾಣಂತಿ ಕೋಣೆಯ ಕೆಂಡದ ಅಗ್ಗಿಷ್ಟಿಕೆ ಮತ್ತು ಲೋಬಾನದ ಹೊಗೆ. ಕಿಟಕಿ ಮುಚ್ಚಿ, ಹೊಗೆ ಹಾಕಿ, ಮಗು ಯಾಕೆ ಅಳುತ್ತದೆ ಎಂದು ಕೇಳುತ್ತಾರೆ. ಕಿಟಕಿ ತೆರೆದು, ಕೆಂಡ ಹೊರಗಿಟ್ಟು ನೋಡಿ.

ತೊಟ್ಟಿಲ ಪಕ್ಕ, ಎರಡು ವಾರಗಳ ನಂತರ, ರಾತ್ರಿ 1:15

ಎಂಟು ವಾರ ತುಂಬಿತು. ನೋಟ್‌ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ಮೊದಲ ವಾರ ದಿನಕ್ಕೆ ಮೂರೂವರೆ ಗಂಟೆ ಇದ್ದದ್ದು ಈಗ ಎರಡೂಮುಕ್ಕಾಲು. ಮಗುವಿನದು ಕಡಿಮೆಯಾಗುತ್ತಿದೆ, ನನ್ನದು ಹೆಚ್ಚುತ್ತಿದೆ. ಮಧ್ಯಾಹ್ನ ನಾಲ್ಕಕ್ಕೇ ಎದೆ ಹೊಡೆದುಕೊಳ್ಳುತ್ತದೆ, ಸಂಜೆ ಬರುತ್ತಿದೆಯಲ್ಲಾ ಎಂದು. ಅವಳು ಮಲಗಿದಾಗಲೂ ನನಗೆ ನಿದ್ದೆ ಇಲ್ಲ. ನಿನ್ನೆ ಅವಳನ್ನು ನೋಡುತ್ತಾ ನನಗೆ ಏನೂ ಅನಿಸಲಿಲ್ಲ, ಪ್ರೀತಿಯೂ ಅನಿಸಲಿಲ್ಲ. ನಾನು ಇಲ್ಲದಿದ್ದರೆ ಇವಳು ಸುಖವಾಗಿರುತ್ತಾಳೆ ಎಂಬ ಯೋಚನೆ ಬಂತು. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಮಕ್ಕಳ ವಾರ್ಡಿನ ದಾದಿ, ರಾತ್ರಿ 1:25

ನಾನು ಎಚ್ಚರವಾಗಿದ್ದೇನೆ. ನೀವು ಬರೆದದ್ದು ಬಹಳ ಒಳ್ಳೆಯದಾಯಿತು. ಈಗಲೇ ಮನೆಯಲ್ಲಿ ಯಾರನ್ನಾದರೂ ಎಬ್ಬಿಸಿ, ಇಲ್ಲಿ ಬರೆದದ್ದನ್ನೇ ಓದಲು ಕೊಡಿ. ಅವರು ಎದ್ದ ಮೇಲೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಹಗಲು ರಾತ್ರಿ ಇದೆ, ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ. ಇದು ಹೆರಿಗೆಯ ನಂತರ ಬರುವ ಖಿನ್ನತೆ ಇರಬಹುದು, ಇದಕ್ಕೆ ಚಿಕಿತ್ಸೆ ಇದೆ. ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳೂ ಇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಸೇರಿಸಿಕೊಳ್ಳುವ ವಿಭಾಗವೇ ಇದೆ. ಮಗುವನ್ನು ಬಿಟ್ಟು ಹೋಗಬೇಕಾಗಿಲ್ಲ. ಯಾರು ಎದ್ದರು ಎಂದು ನನಗೆ ತಿಳಿಸಿ, ಕಾಯುತ್ತಿರುತ್ತೇನೆ.

ತೊಟ್ಟಿಲ ಪಕ್ಕ, ರಾತ್ರಿ 1:50

ಅತ್ತೆಯನ್ನು ಎಬ್ಬಿಸಿದೆ. ಓದಿ ನನ್ನ ತಲೆಯನ್ನು ಅವರ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಾರೆ. ಮಗು ಅವರ ಪಕ್ಕದಲ್ಲಿದೆ. ಗಂಡ ಫೋನ್ ಮಾಡುತ್ತಿದ್ದಾರೆ.

ಮಲೆನಾಡಜ್ಜಿ, ಬೆಳಗ್ಗೆ 6:10

ಎದ್ದೊಡನೆ ಓದಿದೆ ಮಗಳೇ. ನನ್ನ ಎರಡನೆಯವನು ಹುಟ್ಟಿದಾಗ ನಾನೂ ಬಾವಿಕಟ್ಟೆಯ ಹತ್ತಿರ ಹೋಗಿ ನಿಂತಿದ್ದೆ. ಐವತ್ತೆರಡು ವರ್ಷದಿಂದ ಯಾರಿಗೂ ಹೇಳಿರಲಿಲ್ಲ. ನಮ್ಮ ಕಾಲದಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ನನ್ನ ಅತ್ತೆ ಮಗುವನ್ನು ನನ್ನ ಕೈಯಿಂದ ಎತ್ತಿಕೊಂಡು, ಹೋಗಿ ಮಲಗು ಎಂದರು. ಎರಡು ರಾತ್ರಿ ಪೂರ್ತಿ ಮಲಗಿದೆ. ಅದರಿಂದ ಉಳಿದೆ.

ದಾದಿಯಮ್ಮ, ಅವಳಿ ಮಕ್ಕಳ ತಾಯಿ ಬರೆದದ್ದನ್ನು ಅಂದಿನಿಂದ ಯೋಚಿಸುತ್ತಿದ್ದೇನೆ. ನಮ್ಮ ಕೇರಿಯಲ್ಲೂ ತೇಯ್ದ ಮದ್ದಿನ ನಂತರ ಏಳದೇ ಹೋದ ಒಂದು ಕೂಸಿತ್ತು, ಬಾಲಗ್ರಹ ಎಂದಿದ್ದೆವು. ಈ ಸಲ ಕಿರಿಯ ಮೊಮ್ಮಗಳ ಬಾಣಂತನಕ್ಕೆ ಹೊರಟಿದ್ದೇನೆ. ಬಜೆಯನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ.

ಮಕ್ಕಳ ವೈದ್ಯ, ಬೆಳಗ್ಗೆ 8:30

ಎತ್ತಿಕೊಂಡರೆ ಮಗುವಿಗೆ ರೂಢಿಯಾಗುತ್ತದೆ ಎಂಬ ಮಾತನ್ನು ತಾಯಂದಿರು ಪ್ರತಿದಿನ ಕೇಳುತ್ತಾರೆ, ಅದಕ್ಕೆ ಒಂದು ಉತ್ತರ ಬರೆದಿಡುತ್ತೇನೆ. 1986ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ತಾಯಂದಿರಿಗೆ ಅಳದಿರುವಾಗಲೂ ಮಗುವನ್ನು ಹೆಚ್ಚು ಹೊತ್ತು ಎತ್ತಿಕೊಳ್ಳಲು ಹೇಳಿ ನೋಡಿದರು. ಆರನೆಯ ವಾರದಲ್ಲಿ ಆ ಮಕ್ಕಳ ಅಳು 43% ಕಡಿಮೆ ಇತ್ತು. ಆದರೆ ಕಾಲಿಕ್ ಶುರುವಾದ ಮೇಲೆ ಹೀಗೆ ಮಾಡಿದಾಗ ಅಷ್ಟು ಫಲ ಸಿಗಲಿಲ್ಲ. ನೀವು ದಿನವಿಡೀ ಎತ್ತಿಕೊಂಡೂ ಮಗು ಅತ್ತರೆ ಎತ್ತಿಕೊಂಡದ್ದು ಕಡಿಮೆಯಾಯಿತು ಎಂದು ಭಾವಿಸಬೇಡಿ. ಅಜ್ಜಿ, ಅಪ್ಪ, ಅತ್ತೆ ಯಾರ ತೋಳಾದರೂ ತೋಳೇ.

ತೊಟ್ಟಿಲ ಪಕ್ಕ, ಆರು ವಾರಗಳ ನಂತರ, ಸಂಜೆ 7:05

ಸಂಜೆ 7:05ಕ್ಕೆ ಎರಡು ಕೈಯಲ್ಲಿ ಬರೆಯುತ್ತಿದ್ದೇನೆ! ಹದಿನಾಲ್ಕನೆಯ ವಾರ. ಚಿಕಿತ್ಸೆ ನಡೆದಿದೆ, ನಿದ್ದೆ ಬರುತ್ತಿದೆ. ಸಂಜೆಯ ಪಾಳಿ ಗಂಡನದು, ರಾತ್ರಿ ಹತ್ತರ ನಂತರದ ತೂಗುವಿಕೆ ಅತ್ತೆಯದು. ಹಿಂದಿನ ಸೋಮವಾರ 40 ನಿಮಿಷ ಅತ್ತಳು, ಗುರುವಾರ 15 ನಿಮಿಷ. ನಿನ್ನೆ, ಇವತ್ತು ಇಲ್ಲ. ತೂಕ 5 ಕೆ.ಜಿ. 700 ಗ್ರಾಂ. ಈಗ ಅವಳು ತನ್ನ ಮುಷ್ಟಿಯನ್ನೇ ನೋಡುತ್ತಾ ಮಲಗಿದ್ದಾಳೆ, ನಾನು ಅವಳನ್ನು ನೋಡುತ್ತಾ ಕೂತಿದ್ದೇನೆ.

ಒಂದು ಪ್ರಶ್ನೆ. ರಾತ್ರಿ ತೆಳು ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ ಮಲಗಿಸುತ್ತಿದ್ದೆವು, ಅದರಿಂದ ಬೆಚ್ಚಿ ಏಳುವುದು ಕಡಿಮೆಯಾಗಿತ್ತು. ಎರಡು ದಿನದಿಂದ ಪಕ್ಕಕ್ಕೆ ಹೊರಳಿ ಬೋರಲಾಗಲು ನೋಡುತ್ತಿದ್ದಾಳೆ. ಸುತ್ತುವುದನ್ನು ಮುಂದುವರಿಸಬಹುದೇ?

ಮಕ್ಕಳ ವಾರ್ಡಿನ ದಾದಿ, ಸಂಜೆ 7:30

ಬೇಡ, ಇಂದು ರಾತ್ರಿಯಿಂದಲೇ ನಿಲ್ಲಿಸಿ. ಸುತ್ತಿದ ಮಗು ಬೋರಲಾದರೆ ಕೈ ಊರಿ ಮುಖ ಎತ್ತಲಾರದು. ಕೈಗಳು ಹೊರಗಿರಲಿ, ಅಂಗಾತ ಮಲಗಿಸಿ, ದಿಂಬು, ಹೊದಿಕೆ ಹತ್ತಿರ ಇಡಬೇಡಿ. ಮೂರು ನಾಲ್ಕು ರಾತ್ರಿ ಬೆಚ್ಚಿ ಎದ್ದಾಳು. ಎದೆಯ ಮೇಲೆ ಅಂಗೈ ಇಟ್ಟುಕೊಂಡಿರಿ, ಮತ್ತೆ ಮಲಗುತ್ತಾಳೆ.